ಕುಂಭ ರಾಶಿಯ ಆಮೆ

ಅಲ್ಲಾಳಸಂದ್ರದಲ್ಲಿ ಲಕ್ಕಣ್ಣನವರ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಭೀಮರಾಜ್‌ಗೆ ಜ್ಯೋತಿಷ್ಯದ ಗಂಧಗಾಳಿಯೂ ಇರಲಿಲ್ಲ. ಈ ವಿಷಯ ಅವನನ್ನು ಮತ್ತು ಅವನ ಹೆಂಡತಿ ಯಶೋಧಾಳನ್ನು ಬಿಟ್ಟರೆ ಕಟ್ಟಡದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಟ್ಟು ಬೋಲ್ಟುಗಳ ಉಗ್ರಾಣ ನೋಡಿಕೊಳ್ಳುತ್ತಿದ್ದ ಈ ಸಂಭಾವಿತನಿಗೆ ಶಾಸ್ತ್ರಜ್ಞನ ಪಟ್ಟ ಕಟ್ಟಿದ್ದು ಮೊದಲನೇ ಮಹಡಿಯ ರತ್ನಕ್ಕ. ಕಲಬುರಗಿ ಕಡೆಯವರಾದ ರತ್ನಕ್ಕ ಒಂದು ಸಂಜೆ ಮೂಗುತಿ ಕಳೆದುಕೊಂಡು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಕೆಲಸ ಮುಗಿಸಿ ಬರುತ್ತಿದ್ದ ಭೀಮರಾಜ್ ಆಕೆಯ ಮೊಣಕೈವರೆಗೂ ಮೆತ್ತಿದ್ದ ಜೋಳದ ಹಿಟ್ಟನ್ನು ನೋಡಿ, ಹಿಟ್ಟಿನ ಡಬ್ಬದಲ್ಲಿ ಒಮ್ಮೆ ನೋಡಿ ಎಂದುಬಿಟ್ಟ. ಮೂಗುತಿ ಅಲ್ಲೇ ಇತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಅವನು ಹಿಟ್ಟಿನ ಮಾತೆತ್ತದೆ ಸುಮ್ಮನೆ ನಕ್ಕ. ನಗಬಾರದಿತ್ತು.

ಅಂದಿನಿಂದ ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮಗಳಿಗೆ ಗಂಡು ಗೊತ್ತಾದರೂ ಭೀಮರಾಜನನ್ನು ಒಂದು ಮಾತು ಕೇಳುವುದು ರೂಢಿಯಾಯಿತು. ಅವನೂ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಎಣಿಸುವುದನ್ನು ಕಲಿತ. ಹಾಗೆ ಎಣಿಸುವಾಗ ಅವನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದದ್ದು ಬೋಲ್ಟುಗಳ ಅಳತೆ. ಯಶೋಧಾ ಎಷ್ಟೋ ಸಲ ಬೇಡ ಎಂದಿದ್ದಳು. ಮರ್ಯಾದೆ ತಾನಾಗಿ ಮನೆ ಬಾಗಿಲಿಗೆ ಬಂದಾಗ ಬೇಡವೆನ್ನುವಷ್ಟು ದೊಡ್ಡ ಮನುಷ್ಯ ಭೀಮರಾಜ್ ಆಗಿರಲಿಲ್ಲ.

ಇನ್ನು ಆಮೆಯ ವಿಷಯ. ಕಟ್ಟಡದ ಮಾಲೀಕರಾದ ಲಕ್ಕಣ್ಣ ಅದೇ ಊರಿನ ಹಳಬರು. ಅವರ ರಾಗಿ ಹೊಲದ ಮೇಲೆಯೇ ಈ ಬಡಾವಣೆ ಎದ್ದಿತ್ತು. ಕಟ್ಟಡ ಕಟ್ಟುವಾಗ ದಾಯಾದಿಗಳು ಕೋರ್ಟಿಗೆ ಹೋಗಿ ಕೆಲಸ ನಿಂತುಹೋದಾಗ ಒಬ್ಬ ವಾಸ್ತು ಪಂಡಿತರು ಬಂದು, ಉತ್ತರದ ಮೂಲೆಯಲ್ಲಿ ಉತ್ತರಕ್ಕೆ ಮುಖ ಮಾಡಿ ಆಮೆ ಇಡಿ ಎಂದರು. ಬೇರೆಯವರಾಗಿದ್ದರೆ ಅಂಗಡಿಯಿಂದ ಹಿತ್ತಾಳೆಯದು ತಂದು ತಟ್ಟೆಯಲ್ಲಿಟ್ಟು ನೀರು ಹಾಕುತ್ತಿದ್ದರು. ಲಕ್ಕಣ್ಣ ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ, ಜೀವಂತ ಆಮೆಯನ್ನೇ ತಂದರು. ಉತ್ತರದ ಮೂಲೆ ಬಂದದ್ದು ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡು ಮತ್ತು ಸಂಪಿನ ಮೋಟರಿನ ಪಕ್ಕ. ಅಲ್ಲಿ ಬಿಸಿಲು ಯಾವತ್ತೂ ಬೀಳುತ್ತಿರಲಿಲ್ಲ. ಹಿತ್ತಾಳೆ ಆಮೆಗೂ ಜೀವಂತ ಆಮೆಗೂ ಇನ್ನೊಂದು ವ್ಯತ್ಯಾಸವಿದೆ, ಎರಡನೆಯದು ತಿರುಗುತ್ತದೆ. ಬೆಳಿಗ್ಗೆ ಉತ್ತರಕ್ಕಿದ್ದ ಮುಖ ಸಂಜೆಗೆ ದಕ್ಷಿಣಕ್ಕೆ ಬಂದು, ಯಮನ ದಿಕ್ಕನ್ನು ನೋಡುತ್ತಾ ಕೂತಿರುತ್ತಿತ್ತು. ಅದಕ್ಕೆ ಲಕ್ಕಣ್ಣ ತಿರುಗಲಾಗದಷ್ಟು ಚಿಕ್ಕದಾದ ಒಂದು ಪ್ಲಾಸ್ಟಿಕ್ ಬೋಗುಣಿ ಹುಡುಕಿ ತಂದು ಆಮೆಯನ್ನು ಅದರಲ್ಲಿ ಕೂರಿಸಿದರು. ಅದೇ ವರ್ಷ ಕೋರ್ಟಿನಲ್ಲಿ ಗೆದ್ದರು. ಆಮೇಲೆ ಆ ಬೋಗುಣಿಯನ್ನು ಯಾರೂ ಅಲುಗಿಸಲಿಲ್ಲ.

ಲಕ್ಕಣ್ಣ ಕೆಟ್ಟವರಲ್ಲ. ಶನಿವಾರ ಶನಿವಾರ ಕಡ್ಲೆಪುರಿ ಹಾಕುತ್ತಿದ್ದರು, ಅವರ ಪತ್ನಿ ನಾಗಲಕ್ಷ್ಮಿ ದಿನವೂ ಬೋಗುಣಿಯ ಅಂಚಿಗೆ ಕುಂಕುಮ ಇಡುತ್ತಿದ್ದರು. ದೇವರಿಗೆ ಏನು ಮಾಡಬೇಕೋ ಅದೆಲ್ಲ ಆಮೆಗೂ ಆಗುತ್ತಿತ್ತು, ಪ್ರಾಣಿಗೆ ಮಾಡಬೇಕಾದ್ದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಸ್ಕೂಟರ್ ತೆಗೆಯಲು ಬಗ್ಗಿದ ಭೀಮರಾಜ್ ಆಮೆಯ ಮುಖ ನೋಡಿದ. ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ಹಸಿರು ಪಾಚಿ ನೀರಿನಲ್ಲಿ ಅದು ಗೋಡೆಗೆ ಮೂಗು ತಾಗಿಸಿಕೊಂಡು ಸುಮ್ಮನಿತ್ತು. ಅವನಿಗೆ ಆ ದಿನ ಕಾರ್ಖಾನೆಯಲ್ಲಿ ಊಟ ಸೇರಲಿಲ್ಲ. ಸಂಜೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೆಬ್ಬಾಳದ ಪ್ರಾಣಿಗಳ ಡಾಕ್ಟರು ಗಜಾಲಾ ಅವರ ಕ್ಲಿನಿಕ್ಕಿಗೆ ಹೋದ. ಅಲ್ಲಿ ಎಲ್ಲರ ತೊಡೆಯ ಮೇಲೂ ಒಂದೊಂದು ನಾಯಿ, ಬೆಕ್ಕು. ಇವನ ಸರದಿ ಬಂದಾಗ ಪೇಷಂಟ್ ಎಲ್ಲಿ ಎಂದು ಕೇಳಿದರು, ಇವನು ಮೊಬೈಲ್ ಮುಂದಿಟ್ಟ. ಗಜಾಲಾ ಮೇಡಂ ಫೋಟೋ ದೊಡ್ಡದು ಮಾಡಿ ನೋಡಿದರು. ಕಿವಿಯ ಹತ್ತಿರ ಕೆಂಪು ಪಟ್ಟಿ ಇರುವ ಇದು ಹೊರದೇಶದ ಜಾತಿ, ಬಿಸಿಲಿಲ್ಲದೆ ಚಿಪ್ಪು ಮೆತ್ತಗಾಗುತ್ತಿದೆ, ಒಳ್ಳೆಯ ಆಹಾರವಿಲ್ಲದೆ ಕಣ್ಣು ಊದಿದೆ, ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದರು. ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ, ಈ ಸ್ಥಿತಿಯಲ್ಲಿ ಬಿಟ್ಟರೆ ಇದು ಸಾಯುತ್ತದೆ, ಬದುಕಿಕೊಂಡರೆ ಕೆರೆಯ ನಮ್ಮ ಆಮೆಗಳಿಗೆ ಇದೇ ಕಂಟಕ ಎಂದೂ ಎಚ್ಚರಿಸಿದರು.

ಮರುದಿನ ಭೀಮರಾಜ್ ಲಕ್ಕಣ್ಣನವರನ್ನು ನೇರವಾಗಿಯೇ ಕೇಳಿದ. ಬೋಗುಣಿಯನ್ನು ಟೆರೇಸಿಗೆ ಇಡೋಣ, ನಾನೇ ನೋಡಿಕೊಳ್ಳುತ್ತೇನೆ ಎಂದ. ಲಕ್ಕಣ್ಣ ನಕ್ಕು ಅವನ ಬೆನ್ನು ತಟ್ಟಿದರು.

"ಅದನ್ನ ಅಲ್ಲಾಡಿಸಿದ್ರೆ ಇಡೀ ಮನೆ ಅಲ್ಲಾಡ್ತದೆ ಕಣಪ್ಪ. ನೀನೇ ಶಾಸ್ತ್ರ ತಿಳ್ದೋನು, ನಿಂಗೆ ನಾನ್ ಏಳ್ಬೇಕಾ?"

ಡಾಕ್ಟರ ಮಾತು ಹೇಳಿದರೆ ಈ ಮನುಷ್ಯ ಕೇಳುವುದಿಲ್ಲ ಎಂದು ಭೀಮರಾಜ್‌ಗೆ ಖಾತ್ರಿಯಾಯಿತು. ಮಾರನೇ ಸಂಜೆ ಅವನು ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿ ಗೆಣ್ಣು ಎಣಿಸಲು ಶುರುಮಾಡಿದ. ಎಣಿಸಿ ಮುಗಿಸಿ ಕಣ್ಣು ಬಿಡುವ ಹೊತ್ತಿಗೆ ಲಕ್ಕಣ್ಣ ಪಕ್ಕದಲ್ಲಿ ನಿಂತಿದ್ದರು.

"ಹೇಳ್ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ತಿದ್ದೆ ಲಕ್ಕಣ್ಣೋರೇ," ಎಂದ ಭೀಮರಾಜ್. "ಈ ಆಮೆಗೆ ಸಾಡೇಸಾತಿ ನಡೀತಿದೆ."

"ಆಮೆಗಾ?"

"ಆಮೆಗೇ. ಕುಂಭ ರಾಶಿ, ಶತಭಿಷ ನಕ್ಷತ್ರ."

"ನೀರ್ನಾಗಿರೋದಲ್ವಾ, ಮೀನ ರಾಶಿ ಆಗ್ಬೇಕಿತ್ತಲ್ಲಪ್ಪ."

"ಮೀನಾಗಿದ್ರೆ ಮೀನ ರಾಶಿ. ಇದು ಬೋಗುಣೀಲಿ ಇರೋದು."

ಈ ಮಾತಿನಲ್ಲಿ ಲಕ್ಕಣ್ಣನವರಿಗೆ ಯಾವ ತಪ್ಪೂ ಕಾಣಲಿಲ್ಲ. ಭೀಮರಾಜ್ ಮುಂದುವರಿಸಿದ. ಏಳೂವರೆ ವರ್ಷ ಶನಿ ಅದರ ಬೆನ್ನ ಮೇಲೆ ಕೂತಿರುತ್ತಾನೆ, ಆಮೆಗೆ ಚಿಪ್ಪಿದೆ, ಹೇಗೋ ತಡೆದುಕೊಳ್ಳುತ್ತದೆ, ಆದರೆ ಅದು ಇರುವ ಮನೆಗೆ ಚಿಪ್ಪಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟ. ಈಗ ಲಕ್ಕಣ್ಣ ಕೈಮುಗಿದು, ನೀನೇ ತೆಗೆದುಕೊಂಡು ಹೋಗಪ್ಪ ಎನ್ನುತ್ತಾರೆ ಎಂಬುದು ಅವನ ಲೆಕ್ಕಾಚಾರ. ಲಕ್ಕಣ್ಣ ಒಳಗೆ ಹೋಗಿ ಒಂದು ಗೋಣಿಚೀಲ ತಂದರು. ಈಗಿಂದೀಗಲೇ ಕೆರೆಗೆ ಬಿಟ್ಟು ಸ್ನಾನ ಮಾಡಿಬಿಡುತ್ತೇನೆ ಎಂದರು.

ಭೀಮರಾಜ್ ಎದ್ದು ನಿಂತು ಗೋಣಿಚೀಲಕ್ಕೆ ಅಡ್ಡಬಂದ.

"ಕೆರೆಗ್ ಬಿಟ್ರೆ ಶನಿ ಕೆರೆಗಿಳೀತಾನೆ. ಕೆರೆ ಏರಿಯಿಂದ ನಿಮ್ ಬೋರ್‌ವೆಲ್ಲಿಗೆ ಎಷ್ಟ್ ದೂರ?"

ಲಕ್ಕಣ್ಣನವರ ಕೈಯಿಂದ ಚೀಲ ಜಾರಿತು. ಕೆರೆಯ ಸುತ್ತ ವಾಕಿಂಗ್ ಮಾಡುವವರು, ಕೆರೆಯ ದಂಡೆಯ ಗುಡಿ, ಅಲ್ಲಿಂದ ನೀರು ಇಂಗುವ ಅಷ್ಟೂ ಬಾವಿಗಳು ಅವರ ಕಣ್ಣ ಮುಂದೆ ಹಾದುಹೋದವು. ಹಾಗಾದರೆ ಇದನ್ನು ಯಾರು ತೆಗೆದುಕೊಳ್ಳಬಹುದು ಎಂದು ಕೇಳಿದರು. ಆಗಲೇ ಸಾಡೇಸಾತಿ ನಡೆಯುತ್ತಿರುವವರು ತೆಗೆದುಕೊಳ್ಳಬಹುದು, ಒಬ್ಬನ ಮೇಲೆ ಎರಡು ಸಲ ಕೂರಲು ಶನಿಗೂ ಜಾಗವಿರುವುದಿಲ್ಲ ಎಂದ ಭೀಮರಾಜ್.

"ಅಂತೋರು ಯಾರವ್ರೆ?"

"ನಾನೇ ಇದೀನಿ."

ಕುಂಕುಮದ ಬೊಟ್ಟು ಸಮೇತ ಬೋಗುಣಿಯನ್ನು ಎದೆಗವಚಿಕೊಂಡು ಭೀಮರಾಜ್ ಟೆರೇಸಿಗೆ ಹತ್ತಿದ. ಅವನು ಮೂರೇ ಮೂರು ಸುಳ್ಳು ಹೇಳಿದ್ದ. ಮೊದಲೆರಡು ಆಮೆಗಾಗಿ ಹೇಳಿದವು, ಅವುಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ಮೂರನೆಯದನ್ನು ತನ್ನ ಮೇಲೆಯೇ ಹೇಳಿಕೊಂಡಿದ್ದ.

ಟೆರೇಸಿನಲ್ಲಿ ಒಳ್ಳೆಯ ಕಾಲ ಶುರುವಾಯಿತು. ಗಂಡ ಹೆಂಡತಿ ಕಾರ್ಖಾನೆಯ ಗುಜರಿಯಿಂದ ನೀಲಿ ಡ್ರಮ್ಮೊಂದನ್ನು ತಂದು ಉದ್ದಕ್ಕೆ ಸೀಳಿಸಿದರು. ಅರ್ಧದಲ್ಲಿ ನೀರು, ಹತ್ತಿ ಕೂರಲು ಒಂದು ಚಪ್ಪಟೆ ಕಲ್ಲು, ಒಂದು ಬದಿಗೆ ನೆರಳಿಗೆಂದು ಯಶೋಧಾಳ ಹಳೇ ಸೀರೆ. ಗಜಾಲಾ ಮೇಡಂ ಇಂಜೆಕ್ಷನ್ ಕೊಟ್ಟು ಕಣ್ಣಿಗೆ ಔಷಧಿ ಬರೆದರು. ಯಶೋಧಾ ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟಳು. ಅಷ್ಟು ವರ್ಷ ಅದಕ್ಕೊಂದು ಹೆಸರೇ ಇರಲಿಲ್ಲ. ಕಣ್ಣು ತೆರೆದ ದಿನ ಗುಂಡಣ್ಣ ಕಲ್ಲಿನಿಂದ ನೀರಿಗಿಳಿದು, ಉತ್ತರದಿಂದ ಪೂರ್ವಕ್ಕೆ, ಪೂರ್ವದಿಂದ ದಕ್ಷಿಣಕ್ಕೆ ಮೆಲ್ಲಗೆ ಪೂರ್ತಿ ಒಂದು ಸುತ್ತು ತಿರುಗಿದ. ತಿರುಗಿ ಮುಗಿದ ಮೇಲೆ, ಯಾರೂ ಬೈಯಲಿಲ್ಲವೆಂದು ಖಚಿತವಾದವನಂತೆ, ಇನ್ನೊಂದು ಸುತ್ತು ತಿರುಗಿದ. ನೋಡುತ್ತಿದ್ದ ಭೀಮರಾಜ್‌ಗೆ ಅಳು ಬಂತು. ಯಶೋಧಾಗೂ ಬಂತು, ಆದರೆ ಅವಳು ಸೊಪ್ಪು ತರುವ ನೆಪ ಹೇಳಿ ಕೆಳಗಿಳಿದಳು.

ಇತ್ತ ಕೆಳಗಡೆ ಲಕ್ಕಣ್ಣನವರ ನೆಮ್ಮದಿ ಆಮೆ ಮೇಲೆ ಹೋದ ಸಂಜೆಯ ಕಾಫಿ ಕುಡಿದು ಮುಗಿಸುವವರೆಗೆ ಮಾತ್ರ ಉಳಿದಿತ್ತು. ಲೋಟ ಕೆಳಗಿಡುವಾಗ ಅವರಿಗೆ ಹೊಳೆಯಿತು: ಭೀಮರಾಜ್‌ಗೆ ಸಾಡೇಸಾತಿ ಇದ್ದರೆ, ಅವನು ತಮ್ಮ ತಲೆಯ ಮೇಲೆಯೇ ವಾಸವಾಗಿದ್ದಾನೆ. ನಾಗಲಕ್ಷ್ಮಿಗೆ ಹೇಳಿದರು. ನಾಗಲಕ್ಷ್ಮಿ ರತ್ನಕ್ಕನಿಗೆ ಹೇಳಿದರು. ಮುಂದಿನದನ್ನು ಹೇಳಲು ಯಾರೂ ಬೇಕಾಗಲಿಲ್ಲ.

ಆ ವಾರ ಸಂಪಿನ ಮೋಟರು ಸುಟ್ಟಿತು, ಕಾರಣ ಭೀಮರಾಜ್. ನೀರಿನ ಟ್ಯಾಂಕರ್ ತಡವಾಯಿತು, ಕಾರಣ ಭೀಮರಾಜ್. ರತ್ನಕ್ಕ ತಟ್ಟಿದ ರೊಟ್ಟಿಗಳೆಲ್ಲ ಹರಿದುಹೋದವು. ಯಶೋಧಾ ಕೊಟ್ಟಿದ್ದ ಹೆಪ್ಪನ್ನು ಆಕೆ ಹಿಂದಕ್ಕೆ ಕಳುಹಿಸಿದರು. ಆಕೆಯ ಗಂಡ ಕಾಶಿನಾಥ ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವರು. ಅವರು ಭೀಮರಾಜನನ್ನು ತಡೆದು ನಿಲ್ಲಿಸಿ ಸಮಾಧಾನ ಹೇಳಿದರು.

"ನಾ ಇಂಥಾವೆಲ್ಲ ನಂಬಂಗಿಲ್ರಿ. ಸೈನ್ಸ್ ಓದಿದ ಮನಷ್ಯಾ. ಆದ್ರ ನಿಮ್ ಸ್ಕೂಟರ್ ಸ್ವಲ್ಪ ಆ ಕಡೆ ನಿಲ್ಲಿಸ್ರಿ, ನಮ್ ಗಾಡಿಗೆ ತಾಗಲಾರದಂಗ."

ಕಾರ್ಖಾನೆಗೂ ಸುದ್ದಿ ಮುಟ್ಟಿತು. ಹೊಸ ಯಂತ್ರದ ಪೂಜೆಯ ಹಿಂದಿನ ದಿನ ಮ್ಯಾನೇಜರ್ ವಿಜಯ್ ಕುಮಾರ್ ಅವನನ್ನು ಕರೆದು, ಎಂದೂ ಇಲ್ಲದ್ದು ಕುರ್ಚಿ ಕೊಟ್ಟು ಕೂರಿಸಿ, ತುಂಬ ದಣಿದಂತೆ ಕಾಣುತ್ತೀರಿ, ನಾಳೆ ರಜೆ ಹಾಕಿ ಎಂದು ಕಳಕಳಿಯಿಂದ ಹೇಳಿದರು. ಭೀಮರಾಜ್ ರಜೆಯ ದಿನವಿಡೀ ಟೆರೇಸಿನಲ್ಲಿ ಗುಂಡಣ್ಣನ ಪಕ್ಕ ಚಾಪೆ ಹಾಕಿ ಮಲಗಿದ. ನಿಜ ಹೇಳಬೇಕೆಂದರೆ ಅವನ ಬದುಕು ಎಂದೂ ಇಷ್ಟು ಸುಖವಾಗಿರಲಿಲ್ಲ. ಸ್ಕೂಟರ್ ಕೇಳುವವರಿಲ್ಲ, ಗಂಡು ಹೇಗೆ ಎಂದು ವಿಚಾರಿಸುವವರಿಲ್ಲ, ಕಾರ್ಖಾನೆಯ ಬಸ್ಸು ಹತ್ತಿದ ದಿನ ಸಹೋದ್ಯೋಗಿಗಳು ಪಕ್ಕದ ಸೀಟು ಖಾಲಿ ಬಿಡುತ್ತಿದ್ದರು. ಶನಿ ಹಿಡಿಯುವುದು ಇದೇ ಆಗಿದ್ದರೆ ಮೊದಲೇ ಹಿಡಿಯಬಹುದಿತ್ತಲ್ಲ ಎನಿಸಿತು.

ಆ ಸುಖಕ್ಕೆ ಲಕ್ಕಣ್ಣ ಕಲ್ಲು ಹಾಕಿದರು. ಯುಗಾದಿಯೊಳಗೆ ಮನೆ ಖಾಲಿ ಮಾಡಬೇಕು, ಆಮೆಯನ್ನೂ ಕರೆದೊಯ್ಯಬೇಕು ಎಂದು ಹೇಳಿ, ಮುಖ ನೋಡಲಾರದೆ ಒಳಗೆ ಹೋದರು. ಭೀಮರಾಜ್ ಮತ್ತು ಯಶೋಧಾ ವಿದ್ಯಾರಣ್ಯಪುರದ ಕಡೆ ಮನೆ ಹುಡುಕಿದರು. ನಾಯಿ ಇದೆಯೇ, ಮಾಂಸ ತಿನ್ನುತ್ತೀರಾ, ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ ಎಂದು ಎಲ್ಲರೂ ಕೇಳುತ್ತಿದ್ದರು. ಆಮೆ ಇದೆ ಎಂದೊಡನೆ ಬಾಗಿಲು ಮುಚ್ಚುತ್ತಿತ್ತು. ಒಬ್ಬ ಮಾಲೀಕರ ಮುಖ ಮಾತ್ರ ಅರಳಿತು. ಮನೆಗೆ ಬಹಳ ಒಳ್ಳೆಯದು, ಧಾರಾಳವಾಗಿ ತನ್ನಿ, ಜಾಗ ಆಗಲೇ ಇದೆ ಎಂದು ಕರೆದುಕೊಂಡು ಹೋಗಿ ತೋರಿಸಿದರು. ಮೆಟ್ಟಿಲ ಕೆಳಗೆ, ಉತ್ತರದ ಮೂಲೆ, ಮೀಟರ್ ಬೋರ್ಡಿನ ಪಕ್ಕ. ಗಂಡ ಹೆಂಡತಿ ಅಲ್ಲಿಂದಲೇ ಮನೆಗೆ ಹಿಂದಿರುಗಿದರು.

ಹೀಗಿರುವಾಗ ಒಂದು ಭಾನುವಾರ ಯಶೋಧಾಳ ತಾಯಿ ಮುನಿಕೃಷ್ಣಮ್ಮ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಿಂದ ಆಟೋ ಮಾಡಿಕೊಂಡು ಬಂದಿಳಿದರು. ಕೈಚೀಲದಲ್ಲಿ ಮಗಳಿಗೆಂದು ತಂದ ಹೊನಗೊನ್ನೆ ಸೊಪ್ಪು, ಮುಖದಲ್ಲಿ ಸಿಟ್ಟು. ಸುದ್ದಿ ಅಲ್ಲಿಗೂ ಹೋಗಿತ್ತು. ಆಕೆಯ ದನಿಗೆ ಲಕ್ಕಣ್ಣ, ನಾಗಲಕ್ಷ್ಮಿ, ರತ್ನಕ್ಕ, ಇದನ್ನೆಲ್ಲ ನಂಬದ ಕಾಶಿನಾಥ, ಎಲ್ಲರೂ ಮೆಟ್ಟಿಲ ಹತ್ತಿರ ಸೇರಿದರು.

"ಏನ್ ಅಳಿಯಂದ್ರೇ, ನಿಮ್ಗೆ ಸಾಡೇಸಾತಿಯಂತೆ. ಯಾವ ರಾಶಿಯಪ್ಪ ನಿಮ್ದು?"

ಈ ಪ್ರಶ್ನೆಯನ್ನು ಇಡೀ ಜಗತ್ತಿನಲ್ಲಿ ಕೇಳಬಾರದವರೊಬ್ಬರಿದ್ದರೆ ಅದು ಭೀಮರಾಜನ ಅತ್ತೆ. ಏಕೆಂದರೆ ಅವನಿಗೆ ಜಾತಕವೇ ಇರಲಿಲ್ಲ. ಅವನು ಹುಟ್ಟಿದ ದಿನ ದಾಸರಹಳ್ಳಿಯ ಅವರ ಮನೆಯಲ್ಲಿ ಎಮ್ಮೆಯೂ ಕರು ಹಾಕಿತ್ತು. ಕರು ಹುಟ್ಟಿದ ಗಳಿಗೆ ಮನೆಯವರೆಲ್ಲರಿಗೂ ನೆನಪಿತ್ತು, ಮಗನದನ್ನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಮದುವೆಯ ಹೊತ್ತಿಗೆ ಮುನಿಕೃಷ್ಣಮ್ಮನೇ, ಹೋಗಲಿ ಬಿಡಿ, ಹೆಸರಿನ ಬಲ ನೋಡಿ ಮುಗಿಸೋಣ ಎಂದಿದ್ದರು. ರಾಶಿಯೇ ಗೊತ್ತಿಲ್ಲದವನಿಗೆ ಶನಿ ಹಿಡಿದದ್ದು ಹೇಗೆ ಎಂದು ಕೇಳುವ ಹಕ್ಕು ಆಕೆಗಿತ್ತು. ಈಗ ಆಕೆ ಬಾಯಿ ಬಿಟ್ಟರೆ ಅವನ ಶಾಸ್ತ್ರವೂ ಹೋಗುತ್ತದೆ, ಆಮೆಯೂ ಮತ್ತೆ ಬೋಗುಣಿಗೆ ಹೋಗುತ್ತದೆ.

ಅತ್ತೆ, ಒಂದು ಸಲ ಮೇಲೆ ಬನ್ನಿ ಎಂದಷ್ಟೇ ಹೇಳಿದ.

ಟೆರೇಸಿನಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಮುನಿಕೃಷ್ಣಮ್ಮ ಡ್ರಮ್ಮಿನ ಪಕ್ಕ ಕೂತು ಕೇಳಿದರು. ಕಲ್ಲಿನ ಮೇಲೆ ಹಿಂಗಾಲು ಚಾಚಿ ಬಿಸಿಲು ಕಾಯುತ್ತಿದ್ದ ಗುಂಡಣ್ಣ ಸೊಪ್ಪಿನ ವಾಸನೆಗೆ ಕತ್ತು ಎತ್ತಿದ. ಆಕೆ ಚೀಲದಿಂದ ಒಂದು ಎಸಳು ತೆಗೆದು ಹಿಡಿದರು, ಅವನು ಬಂದು ಕೈಯಿಂದಲೇ ಕಿತ್ತುಕೊಂಡ. ಇನ್ನೊಂದು ಕೊಟ್ಟರು. ಮಗಳಿಗೆಂದು ತಂದ ಸೊಪ್ಪು ಅರ್ಧ ಮುಗಿದ ಮೇಲೆ, ಇದನ್ನು ಮೊದಲು ಎಲ್ಲಿಟ್ಟಿದ್ದರು ಎಂದು ಕೇಳಿದರು. ಭೀಮರಾಜ್ ಮೂಲೆಯಲ್ಲಿದ್ದ ಆ ಚಿಕ್ಕ ಬೋಗುಣಿಯನ್ನು ತೋರಿಸಿದ. ಮುನಿಕೃಷ್ಣಮ್ಮ ಬೋಗುಣಿಯನ್ನು ನೋಡಿದರು, ಗುಂಡಣ್ಣನನ್ನು ನೋಡಿದರು, ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದರು.

"ಲಕ್ಕಣ್ಣ, ನಿನ್ ಮೆಟ್ಲ್ ಕೆಳಗೆ ಕೂತಿದ್ದ ಶನೀನ ನಮ್ ಅಳಿಯ ಒತ್ಕೊಂಡು ಮ್ಯಾಲಕ್ಕೆ ಅತ್ತವ್ನೆ. ಈಗ ಅವುನ್ನೇ ಓಗು ಅಂತೀಯ. ಓಗ್ತಾನೆ ಬಿಡು. ಅವ್ನು ಓದ್ಮೇಲೆ ಶನಿ ಎಲ್ಲಿಗೆ ಬತ್ತಾನೆ ಅಂತ ಯೋಚ್ನೆ ಮಾಡಿದ್ಯಾ?"

ಎಲ್ಲರ ಕಣ್ಣುಗಳೂ ತಾವಾಗಿಯೇ ಮೆಟ್ಟಿಲ ಕೆಳಗೆ ಹೊರಳಿದವು. ಅಲ್ಲಿ ನೆಲದ ಮೇಲೆ ವರ್ಷಗಟ್ಟಲೆ ಬೋಗುಣಿ ಕೂತಿದ್ದ ದುಂಡು ಗುರುತು ಖಾಲಿಯಾಗಿ ಕಾಣುತ್ತಿತ್ತು.

"ಜಾಗ ಇಡ್ದಿಟ್ಟಂಗೈತೆ," ಎಂದರು ಮುನಿಕೃಷ್ಣಮ್ಮ.

ಕಾಶಿನಾಥ ಎರಡು ಹೆಜ್ಜೆ ಹಿಂದೆ ಸರಿದರು. ಲಕ್ಕಣ್ಣ ಒಣಗಿದ ತುಟಿ ಸವರಿಕೊಂಡು, ಭೀಮರಾಜಪ್ಪನಿಗೆ ಸಾಡೇಸಾತಿ ಇನ್ನೂ ಎಷ್ಟಿದೆ ಎಂದು ಸಣ್ಣ ದನಿಯಲ್ಲಿ ಕೇಳಿದರು. ಈಗ ತಾನೇ ಶುರುವಾಗಿದೆ, ಏಳೂವರೆ ವರ್ಷವೂ ಬಾಕಿ ಇದೆ ಎಂದರು ಅತ್ತೆ. ಅಷ್ಟೂ ವರ್ಷ ನೀನು ಈ ಮನೆ ಬಿಟ್ಟು ಕದಲಕೂಡದು ಎಂದು ಲಕ್ಕಣ್ಣ ಭೀಮರಾಜನ ಕೈ ಹಿಡಿದುಕೊಂಡರು. ಬೆಂಗಳೂರಿನಲ್ಲಿ ಮನೆ ಮಾಲೀಕನೊಬ್ಬ ಬಾಡಿಗೆದಾರನಿಗೆ ಹೀಗೆ ಅಂಗಲಾಚಿದ್ದು ಅದೇ ಮೊದಲಿರಬೇಕು. ಭೀಮರಾಜ್ ಕಣ್ಣು ಮುಚ್ಚಿ ಗೆಣ್ಣು ಎಣಿಸಲು ಹೋದ. ಅತ್ತೆ ಮೊಣಕೈಯಿಂದ ತಿವಿದರು, ನಿಲ್ಲಿಸಿದ.

ಶನಿಯನ್ನು ಮೇಲೆಯೇ ಉಳಿಸಿಕೊಳ್ಳಬೇಕಾದರೆ ಆಮೆಯನ್ನು ಸುಖವಾಗಿಡಬೇಕು ಎಂದು ಮುನಿಕೃಷ್ಣಮ್ಮ ಹೊರಡುವ ಮುನ್ನ ಒಂದು ಮಾತು ಸೇರಿಸಿ ಹೋಗಿದ್ದರು. ಲಕ್ಕಣ್ಣ ಗಾರೆಯವರನ್ನು ಕರೆಸಿ ಟೆರೇಸಿನಲ್ಲಿ ತೊಟ್ಟಿ ಕಟ್ಟಿಸಿದರು. ಹತ್ತಿ ಇಳಿಯಲು ಇಳಿಜಾರು, ನೀರು ಬದಲಾಯಿಸಲು ನಲ್ಲಿ, ಅರ್ಧ ಭಾಗಕ್ಕೆ ನೆರಳು. ಗಜಾಲಾ ಮೇಡಂ ಬಂದು ನೋಡಿ, ಇಷ್ಟು ಒಳ್ಳೆಯ ಮನೆ ಹೆಬ್ಬಾಳದ ಯಾವ ಆಮೆಗೂ ಇಲ್ಲ ಎಂದರು. ತೊಟ್ಟಿ ಕಟ್ಟುವಾಗ ಮೇಸ್ತ್ರಿ, ಆಮೆ ಮುಖ ಯಾವ ಕಡೆಗೆ ಬರಬೇಕು ಎಂದು ಕೇಳಿದ್ದ. ಲಕ್ಕಣ್ಣ ಸ್ವಲ್ಪ ಹೊತ್ತು ನೀಲಿ ಡ್ರಮ್ಮಿನಲ್ಲಿ ಸುತ್ತುತ್ತಿದ್ದ ಗುಂಡಣ್ಣನನ್ನೇ ನೋಡಿದರು.

"ಅದುಕ್ಕೆಲ್ಲಿ ಬೇಕೋ ಅಲ್ಲಿಗೆ ತಿರುಗ್ಲಿ ಬಿಡು," ಎಂದರು.

ಈಗ ನಾಗಲಕ್ಷ್ಮಿ ಕಡ್ಲೆಪುರಿ ಬಿಟ್ಟು ಕ್ಯಾರೆಟ್ ತುರಿಯುತ್ತಾರೆ. ರತ್ನಕ್ಕ ಹೆಪ್ಪು ಕೇಳಿ ಪಡೆದರು. ಕಾಶಿನಾಥ ಇವತ್ತಿಗೂ ಏನನ್ನೂ ನಂಬುವುದಿಲ್ಲ, ಶನಿವಾರ ಮಾತ್ರ ತಪ್ಪದೆ ಸೊಪ್ಪಿನ ಕಟ್ಟು ಹಿಡಿದು ಟೆರೇಸಿಗೆ ಹೋಗಿ ಹತ್ತು ನಿಮಿಷ ಕೂತು ಬರುತ್ತಾರೆ.

ಭೀಮರಾಜ್‌ಗೆ ಹೊಸದೊಂದು ಕೆಲಸ ಗಂಟುಬಿತ್ತು. ಪ್ರತಿ ಶನಿವಾರ ಲಕ್ಕಣ್ಣ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಯಲಹಂಕದ ಶನಿದೇವರ ಗುಡಿಗೆ ಕರೆದೊಯ್ಯತೊಡಗಿದರು. ಮೊದಲ ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ ನಿಂತಾಗ ಅರ್ಚಕರು ಹೆಸರು, ರಾಶಿ, ನಕ್ಷತ್ರ ಕೇಳಿದರು. ಲಕ್ಕಣ್ಣ ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದರು. ಭೀಮರಾಜ್ ತನಗೆ ಗೊತ್ತಿದ್ದ ಒಂದೇ ಒಂದು ಜಾತಕವನ್ನು ಹೇಳಿದ.

"ಭೀಮರಾಜ್. ಕುಂಭ ರಾಶಿ, ಶತಭಿಷ ನಕ್ಷತ್ರ."

ಲಕ್ಕಣ್ಣ ಅವನ ಕಡೆ ತಿರುಗಿದರು. "ಗುಂಡಣ್ಣಂದೂ ಅದೇ ಅಲ್ವಾ?"

"ಅದೇ."

"ಅದುಕ್ಕೇ ಮತ್ತೆ," ಎಂದು ಎಲ್ಲವೂ ಅರ್ಥವಾದವರಂತೆ ತಲೆಯಾಡಿಸಿ, ಇಬ್ಬರ ಹೆಸರಿಗೂ ಸೇರಿಸಿ ಅರ್ಚನೆ ಮಾಡಿ ಎಂದು ಅರ್ಚಕರಿಗೆ ಹೇಳಿದರು. ಗುಂಡಣ್ಣ ಯಾರು, ಅಣ್ಣನೋ ತಮ್ಮನೋ ಎಂದು ಅರ್ಚಕರು ಕೇಳಿದರು. ಭೀಮರಾಜ್ ತಮ್ಮ ಎಂದ. ಮಂತ್ರದೊಳಗೆ ಎರಡು ಹೆಸರೂ ಒಟ್ಟಿಗೆ ಕೇಳಿಸಿದವು.

ನಡುವಯಸ್ಸಿಗೆ ಹೀಗೆ ಮೊದಲ ಸಲ ಒಂದು ರಾಶಿ, ಒಂದು ನಕ್ಷತ್ರ, ಒಬ್ಬ ತಮ್ಮ ಸಿಕ್ಕ ಭೀಮರಾಜ್ ಕಣ್ಣು ಮುಚ್ಚಿದ. ಈ ಸಲ ಬೆರಳು ಎಣಿಸಲಿಲ್ಲ, ಕೈ ಮುಗಿದ. ಆ ಗುಡಿಯಲ್ಲಿ ನಿಂತಿದ್ದವರೆಲ್ಲ ತಮ್ಮ ಸಾಡೇಸಾತಿ ಬೇಗ ಮುಗಿಯಲೆಂದು ಬೇಡಿಕೊಳ್ಳುತ್ತಿದ್ದರು. ಇವನೊಬ್ಬ ಮಾತ್ರ, ನನ್ನದು ಬೇಗ ಮುಗಿಸಬೇಡಪ್ಪ ತಂದೆ ಎಂದು ಮನಸಾರೆ ಬೇಡಿಕೊಂಡ.